ನರಿಟಾ ರನ್‌ವೇ ಪಕ್ಕದ ಇತಿಹಾಸ ಭವನ: ಬೆಂಗಳೂರು ವಿಮಾನ ಹತ್ತುವ ಮೊದಲು ಅರ್ಧ ದಿನ ಇಟ್ಟುಕೊಳ್ಳಿ

ಬೆಂಗಳೂರಿನಿಂದ ಜಪಾನಿಗೆ ನೇರ ವಿಮಾನದಲ್ಲಿ ಬರುವವರು ಇಳಿಯುವುದು ನರಿಟಾದಲ್ಲಿ. ಇಳಿದವರು ಇಮಿಗ್ರೇಶನ್ ಮುಗಿಸಿ, ಸೂಟ್‌ಕೇಸ್ ಎಳೆದುಕೊಂಡು ಟೋಕಿಯೊ ಕಡೆಯ ರೈಲು ಹತ್ತಿಬಿಡುತ್ತಾರೆ. ನರಿಟಾ ಇರುವ ಚಿಬಾ ಪ್ರಾಂತದಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನೂ ಹಾಗೇ ಬಂದು ಹಾಗೇ ಹೋಗುತ್ತಿದ್ದೆ. ಅದೇ ನಿಲ್ದಾಣದ ದಕ್ಷಿಣಕ್ಕೆ, ಶಿಬಾಯಾಮಾ ಊರಿನ ಇವಾಯಾಮಾ ಎಂಬ ಜಾಗದಲ್ಲಿ, ಒಂದು ಚಿಕ್ಕ ಮ್ಯೂಸಿಯಂ ಇದೆ. ಹೆಸರು 'ಸೊರಾ ತೊ ದೈಚಿ ನೊ ರೆಕಿಶಿಕಾನ್', ಅಂದರೆ ಆಕಾಶ ಮತ್ತು ಭೂಮಿಯ ಇತಿಹಾಸ ಭವನ. ಈ ವಿಮಾನ ನಿಲ್ದಾಣ ನಮ್ಮ ಹೊಲದ ಮೇಲೆ ಬೇಡ ಎಂದು ರೈತರು ಹೂಡಿದ ಹೋರಾಟ, ಅದಕ್ಕೆ ಸರ್ಕಾರ ಕೊಟ್ಟ ಉತ್ತರ, ಎರಡೂ ಕಡೆ ಬಿದ್ದ ಹೆಣ, ಕೊನೆಗೆ ನಡೆದ ಮಾತುಕತೆ, ಇವೆಲ್ಲದರ ಕಥೆ ಅಲ್ಲಿದೆ. 2011ರಲ್ಲಿ ತೆರೆದದ್ದು. ಪ್ರವೇಶ ಉಚಿತ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ, ಸೋಮವಾರ ರಜೆ. ನಡೆಸುತ್ತಿರುವುದು ಬೇರೆ ಯಾರೂ ಅಲ್ಲ, ನರಿಟಾ ವಿಮಾನ ನಿಲ್ದಾಣದ ಕಂಪನಿಯೇ.

ಈ ಕೊನೆಯ ಮಾತನ್ನು ಕೇಳಿದ ಕೂಡಲೇ ಅಪ್ಪ ಕೇಳಿದ್ದು: "ಜಮೀನು ತಗೊಂಡೋರೇ ಬರ್ಕೊಂಡವ್ರೆ ಅಂದ್ರೆ, ಕಳ್ಕೊಂಡೋರ ಮಾತು ಬರ್ದಿರ್ತಾರೇನವ್ವ?"

ಅಪ್ಪ ಕನಕಪುರ ಕಡೆಯ ರೇಷ್ಮೆ ಬೆಳೆಗಾರರು. ಜೀವನವೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳ ಸಾಕಿ, ರಾಮನಗರದ ಗೂಡಿನ ಮಾರುಕಟ್ಟೆಗೆ ಹೊತ್ತವರು. ಎಂಬತ್ತರ ದಶಕದಲ್ಲಿ ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡು ರೈತ ಸಂಘದ ಸಭೆಗಳಿಗೆ ಓಡಾಡಿದವರು. ಜಪಾನಿನ ಬಗ್ಗೆ ಅವರಿಗೆ ಮೊದಲಿಂದಲೂ ಗೌರವ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ 1991ರಿಂದ ಜೈಕಾ (ಜಪಾನ್ ಸರ್ಕಾರದ ನೆರವು ಸಂಸ್ಥೆ) ಯೋಜನೆಯ ಜಪಾನಿ ತಜ್ಞರು ಕೆಲಸ ಮಾಡಿದರಲ್ಲ, ಆ ಕಾಲದಲ್ಲಿ ನಮ್ಮ ಕಡೆಗೆ ಬಂದ ಬೈವೋಲ್ಟಿನ್ ತಳಿಯ ಬಿಳಿ ಗೂಡು ನಮ್ಮ ಮನೆಯ ಸಾಲ ತೀರಿಸಿತು ಎಂದು ಅವರು ಈಗಲೂ ಹೇಳುತ್ತಾರೆ. ಅವರನ್ನು ಇಲ್ಲಿಗೆ ಕರೆಸಿಕೊಂಡಾಗ ಟೋಕಿಯೊದ ಗೋಪುರ, ದೇವಸ್ಥಾನ ಎಲ್ಲ ಆಯಿತು. ಊರಿಗೆ ಹೊರಡುವ ಮುನ್ನ ಒಂದು ದಿನ ಇಲ್ಲಿಗೆ ಕರೆದೊಯ್ದೆ. ಅವರು ನೋಡಿದ ರೀತಿಯಲ್ಲೇ ಈ ಜಾಗದ ಬೆಲೆ ನನಗೆ ಗೊತ್ತಾಯಿತು. ಹಾಗಾಗಿ ಈ ವಿಮರ್ಶೆಯಲ್ಲಿ ಅವರ ಮಾತು ಆಗಾಗ ಬರುತ್ತದೆ.

ಹೋಗುವ ದಾರಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಇಲ್ಲಿ ದಾರಿಯೂ ಕಥೆಯ ಭಾಗವೇ. ಸುಲಭದ ದಾರಿ ಬೇಕಿದ್ದರೆ ನಿಲ್ದಾಣದ ಟರ್ಮಿನಲ್‌ನಿಂದ ವಿಮಾನಯಾನ ವಿಜ್ಞಾನ ಮ್ಯೂಸಿಯಂ ಕಡೆಗೆ ಹೋಗುವ ಬಸ್ ಹಿಡಿಯಿರಿ, ಎರಡೂ ಅಕ್ಕಪಕ್ಕದಲ್ಲೇ ಇವೆ. ಬಸ್ ಪದೇಪದೇ ಸಿಗುವುದಿಲ್ಲ, ವಾಪಸು ಬರುವ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ. ನಾನು ಮಾತ್ರ ಅಪ್ಪನನ್ನು ಬೇಕೆಂದೇ ಇನ್ನೊಂದು ದಾರಿಯಲ್ಲಿ ಕರೆದೊಯ್ದೆ. ಟರ್ಮಿನಲ್ 2ರ ನೆಲಮಾಳಿಗೆಯಿಂದ ಅರ್ಧ ಕಿಲೋಮೀಟರ್ ಉದ್ದದ ಸುರಂಗದ ಹಾದಿ ಹಿಡಿದರೆ ಹಿಗಾಶಿ-ನರಿಟಾ ಸ್ಟೇಷನ್ ಸಿಗುತ್ತದೆ. 1978ರಲ್ಲಿ ನಿಲ್ದಾಣ ಶುರುವಾದಾಗ ಇದೇ ಮುಖ್ಯ ರೈಲು ಸ್ಟೇಷನ್. 1991ರಲ್ಲಿ ಟರ್ಮಿನಲ್ ಕೆಳಗೇ ಹೊಸ ಸ್ಟೇಷನ್ ಬಂದ ಮೇಲೆ ಜನ ಇದನ್ನು ಮರೆತರು. ಮಬ್ಬು ಬೆಳಕು, ಅಗಲವಾದ ಖಾಲಿ ಪ್ಲಾಟ್‌ಫಾರ್ಮ್. ಅಲ್ಲಿಂದ ಮುಂದೆ ಶಿಬಾಯಾಮಾ ರೈಲ್ವೆ. ಉದ್ದ ಬರೀ 2.2 ಕಿಲೋಮೀಟರ್. ಜಪಾನಿನ ಅತಿ ಚಿಕ್ಕ ರೈಲ್ವೆ ಕಂಪನಿ ಎಂದೇ ಅದಕ್ಕೆ ಹೆಸರು.

ಇಷ್ಟು ಸಣ್ಣ ರೈಲು ಯಾಕೆ ಅಂತ ಅಪ್ಪ ಕೇಳಿದರು. ವಿಮಾನ ನಿಲ್ದಾಣ ನಡುವೆ ಬಂದು ಕುಳಿತಾಗ ಅದರ ಆಚೆಗಿನ ಹಳ್ಳಿಗಳಿಗೆ ನರಿಟಾ ಪೇಟೆಯ ದಾರಿ ಕಡಿದುಹೋಯಿತು. ಆ ಜನಕ್ಕೆ ಪರಿಹಾರವಾಗಿ ಕೊಟ್ಟ ಮಾತು ಈ ರೈಲು. ನಿಲ್ದಾಣ ತೆರೆದದ್ದು 1978ರಲ್ಲಿ, ರೈಲು ಓಡಿದ್ದು 2002ರ ಅಕ್ಟೋಬರ್‌ನಲ್ಲಿ. ಅಪ್ಪ ಬೆರಳು ಮಡಿಚಿ ಎಣಿಸಿ, "ಇಪ್ಪತ್ನಾಲ್ಕು ವರ್ಸ" ಎಂದರು. ಪರಿಹಾರಕ್ಕೆ ಕಾದವರಿಗೆ ಅದರ ಭಾರ ಬೇರೆಯವರು ಹೇಳಿಕೊಡಬೇಕಿಲ್ಲ. ಕೊನೆಯ ಸ್ಟೇಷನ್ ಶಿಬಾಯಾಮಾ-ಚಿಯೋದಾದಿಂದ ಮ್ಯೂಸಿಯಂಗೆ ನಡೆದರೆ ಅರ್ಧ ಗಂಟೆ ಮೇಲಾಗುತ್ತದೆ, ವಯಸ್ಸಾದವರು ಜೊತೆಗಿದ್ದರೆ ಟ್ಯಾಕ್ಸಿ ಹೇಳಿ. ನಾವು ಹೋದದ್ದು ಅಕ್ಟೋಬರ್‌ನಲ್ಲಿ. ರಸ್ತೆ ಪಕ್ಕದ ಹೊಲಗಳಲ್ಲಿ ಕಡ್ಲೆಕಾಯಿ ಗಿಡ ಕಿತ್ತು, ಬೇರು ಒಳಗೆ ಮಾಡಿ ದುಂಡಗೆ ಒಟ್ಟಿ ಒಣಗಿಸಿದ್ದರು. ಕಡ್ಲೆಕಾಯಿ ಬೆಳೆಯಲ್ಲಿ ಇಡೀ ಜಪಾನಿಗೇ ಚಿಬಾ ಮೊದಲು. ಅಪ್ಪ ಟ್ಯಾಕ್ಸಿ ನಿಲ್ಲಿಸಿ ಇಳಿದು, ಆ ಕಪ್ಪು ಬೂದಿಮಣ್ಣನ್ನು ಹಿಡಿಯಲ್ಲಿ ತೆಗೆದುಕೊಂಡು ಹಿಸುಕಿ ನೋಡಿದರು. "ಬಂಗಾರದಂತ ಮಣ್ಣು" ಎಂದದ್ದು ಬಿಟ್ಟರೆ ಮ್ಯೂಸಿಯಂ ಬರುವವರೆಗೂ ಏನೂ ಮಾತಾಡಲಿಲ್ಲ.

ಒಳಗೆ ಕಥೆ ಕಾಲಕ್ರಮದಲ್ಲಿ ಸಾಗುತ್ತದೆ. ಫೋಟೊ, ಕರಪತ್ರ, ಬಾವುಟ, ವಿಡಿಯೊ, ಜನರ ನೆನಪಿನ ಮಾತುಗಳು. ವಿವರಗಳು ಹೆಚ್ಚಾಗಿ ಜಪಾನಿ ಭಾಷೆಯಲ್ಲೇ ಇವೆ. ಓದಲು ಬರದವರು ಫೋನಿನ ಅನುವಾದದ ಆ್ಯಪ್ ಸಿದ್ಧ ಮಾಡಿಕೊಂಡು ಹೋಗಿ, ಇಲ್ಲವೇ ಹಿನ್ನೆಲೆ ಸ್ವಲ್ಪ ಓದಿಕೊಂಡು ಹೋಗಿ. ಆ ಹಿನ್ನೆಲೆಯನ್ನು ನಾನೇ ಇಲ್ಲಿ ಕೊಡುತ್ತೇನೆ.

ಅರವತ್ತರ ದಶಕದಲ್ಲಿ ಟೋಕಿಯೊದ ಹನೇಡಾ ನಿಲ್ದಾಣ ಸಾಲದಾಯಿತು. ಹೊಸದನ್ನು ಮೊದಲು ತೊಮಿಸಾತೊ ಎಂಬಲ್ಲಿ 2,300 ಹೆಕ್ಟೇರ್‌ನಲ್ಲಿ ಕಟ್ಟುವುದೆಂದು ಹೊರಟರು. ಅಲ್ಲಿ ಜನ ತಿರುಗಿಬಿದ್ದರು. ಸರ್ಕಾರ ಯೋಜನೆಯನ್ನು ಅರ್ಧಕ್ಕಿಂತ ಕಮ್ಮಿ ಮಾಡಿ, 1,060 ಹೆಕ್ಟೇರ್‌ಗೆ ಇಳಿಸಿ, ಪಕ್ಕದ ಸನ್ರಿಜುಕಕ್ಕೆ ಎತ್ತಿಹಾಕಿತು. ಅಲ್ಲಿ ಚಕ್ರವರ್ತಿಯ ಕುದುರೆ-ದನಗಳ ಫಾರ್ಮ್ ಇತ್ತು, ಸರ್ಕಾರಿ ಜಮೀನು ಇತ್ತು. ಖಾಸಗಿ ಜಮೀನು 670 ಹೆಕ್ಟೇರ್ ಕೊಂಡರೆ ಸಾಕು ಎಂಬ ಲೆಕ್ಕ. ಪ್ರಧಾನಿ ಸಾತೊ ಐಸಾಕು ಸಂಪುಟ ಇದಕ್ಕೆ ಮುದ್ರೆ ಒತ್ತಿದ್ದು 1966ರ ಜುಲೈ 4ರಂದು. ಹೊಲದ ಯಜಮಾನರಿಗೆ ಗೊತ್ತಾದದ್ದು ಅದಕ್ಕೆ ಸ್ವಲ್ಪ ಮೊದಲು, ಸುದ್ದಿಯಲ್ಲಿ ಕೇಳಿ! ಯಾರೂ ಅವರ ಮನೆ ಬಾಗಿಲಿಗೆ ಬಂದು ಕೇಳಿರಲಿಲ್ಲ, ಒಂದು ಸಭೆ ಕರೆದಿರಲಿಲ್ಲ. ಮುಂದಿನ ಎಲ್ಲ ಅನಾಹುತದ ಬೇರು ಇಲ್ಲೇ ಇದೆ ಎಂಬುದು ನನ್ನ ದೃಢ ಅಭಿಪ್ರಾಯ. ದುಡ್ಡು ಕಮ್ಮಿಯಾಯಿತೆಂದು ಎದ್ದ ಜಗಳವಲ್ಲ ಇದು. ತಮ್ಮನ್ನು ಮನುಷ್ಯರೆಂದು ಲೆಕ್ಕಕ್ಕೇ ಹಿಡಿಯಲಿಲ್ಲ ಎಂಬ ಸಂಕಟ.

ಆ ರೈತರಲ್ಲಿ ಅನೇಕರು ಯಾರು ಗೊತ್ತೆ? ಯುದ್ಧ ಸೋತು ಮಂಚೂರಿಯಾದಿಂದ ಬರಿಗೈಲಿ ವಾಪಸಾದವರು, ಒಕಿನಾವಾದಿಂದ ಬಂದವರು. 1946ರಲ್ಲಿ ಚಕ್ರವರ್ತಿಯ ಫಾರ್ಮಿನ ಒಂದು ಭಾಗವನ್ನು ಇಂಥವರಿಗೆ ಬಿಟ್ಟುಕೊಟ್ಟಾಗ, ಕಾಡು ಕಡಿದು, ಬೇರು ಕಿತ್ತು, ಗುಡಿಸಲು ಹಾಕಿಕೊಂಡು ಇಪ್ಪತ್ತು ವರ್ಷ ಬೆವರು ಸುರಿಸಿ ಹೊಲ ಮಾಡಿಕೊಂಡವರು. ಬೆಳೆ ಕೈಗೆ ಹತ್ತುತ್ತಿದೆ ಎನ್ನುವಾಗ, ಬೇಸಾಯ ಮಾಡಿ ಎಂದು ಅಲ್ಲಿಗೆ ಕಳಿಸಿದ್ದ ಸರ್ಕಾರವೇ ಏಳಿ ಎಂದಿತು.

ಇದಕ್ಕೆ ಇನ್ನೊಂದು ಸಂಗತಿ ಸೇರಿಸಬೇಕು. ಇದು ನಾನು ಮೊದಲೇ ಓದಿಕೊಂಡಿದ್ದ ವಿಷಯ, ಅಪ್ಪನಿಗೆ ಅಲ್ಲೇ ನಿಂತು ಹೇಳಿದೆ. ವಿಮಾನ ನಿಲ್ದಾಣದ ಮಾತು ಬರುವ ಕೆಲವೇ ವರ್ಷ ಮೊದಲು ಇದೇ ಸೀಮೆಯಲ್ಲಿ ಸರ್ಕಾರ 'ಸಿಲ್ಕ್ ಕೊಂಬಿನಾಟ್' ಎಂಬ ರೇಷ್ಮೆ ಯೋಜನೆಗೆ ಉತ್ತೇಜನ ಕೊಟ್ಟಿತ್ತು. ಅದನ್ನು ನಂಬಿ ರೈತರು ಹಿಪ್ಪುನೇರಳೆ ನೆಟ್ಟಿದ್ದರು. ನಿಲ್ದಾಣ ಘೋಷಣೆಯಾದದ್ದೇ ರೇಷ್ಮೆ ಯೋಜನೆ ಮೂಲೆ ಸೇರಿತು. ಅಪ್ಪನ ಮುಖ ಕೆಂಪಾಯಿತು. "ಕಡ್ಡಿ ನೆಡ್ಸಿ, ಗಿಡ ಎದ್ದು ಸೊಪ್ಪು ಬರೋ ಹೊತ್ಗೆ ಬುಟ್ಬುಡಿ ಅಂದ್ರಾ? ಹುಳ ಹಣ್ಣಾದಾಗ ಚಂದ್ರಂಕಿ ಕಿತ್ಕೊಂಡಂಗಾಯ್ತಲ್ಲ ಮಗ!" ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಯೇ ಚಂದ್ರಂಕಿ. ರೇಷ್ಮೆ ಮನೆಯಲ್ಲಿ ಬೆಳೆದವಳಾದ ನನಗೆ ಇದಕ್ಕಿಂತ ಸರಿಯಾದ ವಿವರಣೆ ಯಾವ ಫಲಕದಲ್ಲೂ ಸಿಗಲಿಲ್ಲ.

ಇಲ್ಲಿಂದ ಮುಂದಿನ ಭಾಗವೇ ಈ ಭವನದ ಜೀವ. ಸನ್ರಿಜುಕ ಮತ್ತು ಶಿಬಾಯಾಮಾ ರೈತರು ಸೇರಿ ವಿರೋಧಿ ಒಕ್ಕೂಟ ಕಟ್ಟಿದರು. ಅಧ್ಯಕ್ಷರು ತೊಮುರಾ ಇಸ್ಸಾಕು. ಬೇಸಾಯದ ಸಾಮಾನು ಮಾರುತ್ತಿದ್ದವರು, ಕ್ರೈಸ್ತರು, ಕಬ್ಬಿಣದಲ್ಲಿ ಶಿಲ್ಪ ಮಾಡುತ್ತಿದ್ದವರು. ಒಕ್ಕೂಟದೊಳಗೆ ಮುದುಕರ ದಳ, ಹೆಂಗಸರ ದಳ, ಯುವಕರ ದಳ, ಶಾಲೆ ಮಕ್ಕಳದ್ದೂ ಒಂದು ದಳ. 1967ರ ಅಕ್ಟೋಬರ್‌ನಲ್ಲಿ ಸುಮಾರು 2,000 ಪೊಲೀಸರ ಬಂದೋಬಸ್ತ್‌ನಲ್ಲಿ ಸರ್ವೆಯವರು ಗಡಿ ಗೂಟ ಹೊಡೆದರು. ಆಮೇಲೆ ಟೋಕಿಯೊದ ಎಡಪಂಥೀಯ ವಿದ್ಯಾರ್ಥಿಗಳು ಹೋರಾಟಕ್ಕೆ ಬಂದು ಸೇರಿದರು. ಸರ್ವೆಯವರೋ ಪೊಲೀಸರೋ ಬಂದರೆ ಹಳ್ಳಿಗೆ ಹಳ್ಳಿ ಎದ್ದೇಳಲೆಂದು ಬಡಿಯುತ್ತಿದ್ದ ಡ್ರಮ್ಮನ್ನು ಇಲ್ಲಿ ನೋಡಬಹುದು. ಬೇರೆ ಬೇರೆ ಬಣಗಳ ಹೆಲ್ಮೆಟ್‌ಗಳೂ ಇವೆ; ಬಿಳಿ, ಕೆಂಪು, ನೀಲಿ, ಮೇಲೆ ದಪ್ಪಕ್ಷರದಲ್ಲಿ ಹೆಸರು. ಗೀರು, ಮಾಸಿದ ಬಣ್ಣ ಹಾಗೇ ಇದೆ, ಒರೆಸಿ ಹೊಳಪು ಮಾಡಿಲ್ಲ. ಇಟ್ಟವರ ಈ ಪ್ರಾಮಾಣಿಕತೆಯನ್ನು ಮನಸಾರೆ ಮೆಚ್ಚಿದೆ.

1971ರ ಫೋಟೊಗಳ ಮುಂದೆ ಬಹಳ ಹೊತ್ತು ನಿಲ್ಲಿ. ಆ ವರ್ಷ ಎರಡು ಸಲ ಬಲವಂತದ ತೆರವು ನಡೆಯಿತು. ಫೆಬ್ರವರಿ-ಮಾರ್ಚ್‌ನ ಮೊದಲ ಸುತ್ತಿನಲ್ಲಿ ಹೆಂಗಸರು ಮರಕ್ಕೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು. ಗಂಡಸರು ನೆಲದಡಿ ಸುರಂಗ ತೋಡಿ ಒಳಗೆ ಕುಳಿತರು. ಮಕ್ಕಳು ಶಾಲೆ ಬಿಟ್ಟು ಬಂದರು. ಸೆಪ್ಟೆಂಬರ್ 16ರಂದು, ಎರಡನೇ ಸುತ್ತಿನ ಮೊದಲ ದಿನ, ತೊಹೊ ಕೂಡುರಸ್ತೆಯಲ್ಲಿ ನಡೆದ ದಾಳಿಯಲ್ಲಿ ಕನಗಾವಾ ಪ್ರಾಂತದಿಂದ ಬಂದಿದ್ದ ಮೂವರು ಪೊಲೀಸರು ಸತ್ತರು. ನಾಲ್ಕು ದಿನ ಕಳೆದು, ಸೆಪ್ಟೆಂಬರ್ 20ರಂದು, ಓಕಿ ಯೊನೆ ಎಂಬ ಒಂಟಿ ಮುದುಕಿಯ ಮನೆ ಕೆಡವಿದರು. ಅಂದು ತೆರವು ಇಲ್ಲ ಎಂದು ಅಧಿಕಾರಿಗಳು ಹೇಳಿಯಾಗಿತ್ತು. ಆ ತಾಯಿ ಬತ್ತ ಒಕ್ಕುತ್ತಿದ್ದಾಗ ಪೊಲೀಸರು ಬಂದು ಗುರಾಣಿ ಮೇಲೆ ಎತ್ತಿಕೊಂಡು ಹೊರಗೆ ಸಾಗಿಸಿದರು. ಮರುತಿಂಗಳ ಮೊದಲ ದಿನವೇ ಹಳ್ಳಿಯ ಯುವದಳದ 22 ವರ್ಷದ ಹುಡುಗನೊಬ್ಬ ಪ್ರಾಣ ಕಳೆದುಕೊಂಡ.

ಅಪ್ಪ ಮೂವರು ಪೊಲೀಸರ ವಿಷಯ ಕೇಳಿ ತಲೆ ತಗ್ಗಿಸಿದರು. "ಅವ್ರೂ ರೈತರ ಮಕ್ಕಳೇ ಆಗಿರ್ತಾರೆ ಕಣವ್ವ." ಆಮೇಲೆ ಯೊನೆಯಜ್ಜಿಯ ವಿಷಯ ಕೇಳಿ, "ಒಕ್ಕಣೆ ಮಾಡ್ತಿದ್ದೋಳ್ನ ಎತ್ತಾಕೊಂಡೋದ್ರಾ? ಕಣದಾಗಿದ್ದೋಳ್ನ?" ಎಂದು ಎರಡೆರಡು ಸಲ ಕೇಳಿದರು. ಕಣದಲ್ಲಿ ರಾಶಿ ಇರುವಾಗ ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಡದ ಮನುಷ್ಯ ಅವರು. ಈ ಎರಡು ನೋವನ್ನೂ ಒಂದೇ ಕೋಣೆಯಲ್ಲಿ ಇಟ್ಟು, ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚದೆ ಇರುವುದು ಈ ಭವನದ ದೊಡ್ಡ ಗುಣ. ಕಂಪನಿ ನಡೆಸುವ ಜಾಗದಲ್ಲಿ ಇಷ್ಟನ್ನು ನಿರೀಕ್ಷಿಸಿರಲಿಲ್ಲ.

ಮ್ಯೂಸಿಯಂ ಇರುವ ಇವಾಯಾಮಾ ಕೂಡ ಆ ಹೋರಾಟದ ಜಾಗವೇ. 4,000 ಮೀಟರಿನ ಮೊದಲ ರನ್‌ವೇ ದಕ್ಷಿಣಕ್ಕೆ ವಿಮಾನ ಏಳದಂತೆ ಹೋರಾಟಗಾರರು 60 ಮೀಟರಿಗೂ ಎತ್ತರದ ಕಬ್ಬಿಣದ ಗೋಪುರ ಎಬ್ಬಿಸಿದ್ದು ಇಲ್ಲಿ. 1977ರ ಮೇ 6ರಂದು ಅದನ್ನು ಉರುಳಿಸಿದರು. ಎರಡು ದಿನದ ಮೇಲೆ ನಡೆದ ಘರ್ಷಣೆಯಲ್ಲಿ ಹೋರಾಟಗಾರ ಹಿಗಾಶಿಯಾಮಾ ಕಾವೊರು ತಲೆಗೆ ಪೆಟ್ಟು ಬಿದ್ದು ಸತ್ತರು. 1978ರ ಮಾರ್ಚ್ 30ಕ್ಕೆ ಉದ್ಘಾಟನೆ ಎಂದು ಎಲ್ಲ ಸಿದ್ಧವಾಗಿತ್ತು. ಮಾರ್ಚ್ 26ರಂದು ಒಂದು ಗುಂಪು ಚರಂಡಿ ಕೊಳವೆಯೊಳಗಿಂದ ನುಸುಳಿ, ಮ್ಯಾನ್‌ಹೋಲಿನಿಂದ ಮೇಲೆದ್ದು, ಕಂಟ್ರೋಲ್ ಟವರ್ ಹತ್ತಿ ಯಂತ್ರಗಳನ್ನೆಲ್ಲ ಪುಡಿಗಟ್ಟಿತು. ನಿಲ್ದಾಣ ತೆರೆದದ್ದು ಮೇ 20ಕ್ಕೆ, ಸುತ್ತ ಪೊಲೀಸ್ ಕೋಟೆ ಕಟ್ಟಿ. ನಿಲ್ದಾಣಕ್ಕೆ ಬರುವ ಪ್ರತಿಯೊಬ್ಬರ ಗುರುತಿನ ಚೀಟಿ ನೋಡುವ ಪದ್ಧತಿ ನಿಂತದ್ದು 2015ರ ಮಾರ್ಚ್‌ನಲ್ಲಿ!

ಹೋರಾಟದೊಳಗಿನ ಕತ್ತಲೆಯನ್ನೂ ಹೇಳಿಬಿಡುತ್ತೇನೆ. 1983ರಲ್ಲಿ ಒಕ್ಕೂಟ ಒಡೆಯಿತು. 1988ರಲ್ಲಿ ಚುಕಾಕು ಎಂಬ ಉಗ್ರ ಎಡಪಂಥೀಯ ಬಣದವರು ಚಿಬಾ ಭೂಸ್ವಾಧೀನ ಸಮಿತಿಯ ಅಧ್ಯಕ್ಷರ ಮೇಲೆ ದಾರಿಯಲ್ಲಿ ಎರಗಿ ಕ್ರೂರವಾಗಿ ಹೊಡೆದರು. ಸಮಿತಿಯ ಸದಸ್ಯರೆಲ್ಲ ರಾಜೀನಾಮೆ ಕೊಟ್ಟರು. 2004ರವರೆಗೆ ಆ ಪ್ರಾಂತದಲ್ಲಿ ಅಂಥ ಸಮಿತಿಯೇ ಇರಲಿಲ್ಲ. ರೈತರ ನ್ಯಾಯವಾದ ಸಿಟ್ಟನ್ನು ಈ ಬಣಗಳು ತಮ್ಮ ಕ್ರಾಂತಿಯ ಲೆಕ್ಕಕ್ಕೆ ಬಳಸಿಕೊಂಡವು ಎಂದು ನನಗೆ ಅನ್ನಿಸುತ್ತದೆ. ಆದರೆ ಆ ವಿದ್ಯಾರ್ಥಿಗಳಲ್ಲೇ ಕೆಲವರು ಹಳ್ಳಿಯಲ್ಲೇ ಉಳಿದು, ರೈತರ ಮನೆಗೆ ಮದುವೆಯಾಗಿ ಬಂದು, ಮಣ್ಣಿಗೆ ಬಿದ್ದು ದುಡಿದದ್ದೂ ಉಂಟು. ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟಲಾಗದು.

ಮಾತುಕತೆಯ ಭಾಗ ಅಪ್ಪನಿಗೆ ಅತ್ಯಂತ ಹಿಡಿಸಿದ್ದು. ನನಗೆ ಮೊದಲು ಇದು ಸಪ್ಪೆ ಎನಿಸಿತ್ತು, ಸೂಟು ಹಾಕಿದವರು ಮೇಜಿನ ಸುತ್ತ ಕುಳಿತ ಫೋಟೊಗಳು. ಅಪ್ಪ ಮಾತ್ರ ಅಲ್ಲಿಂದ ಕದಲಲಿಲ್ಲ. ಅರ್ಥಶಾಸ್ತ್ರಜ್ಞ ಸುಮಿಯಾ ಮಿಕಿಯೊ ಮುಂದಾಳತ್ವದಲ್ಲಿ, ಇನ್ನೊಬ್ಬ ಅರ್ಥಶಾಸ್ತ್ರಜ್ಞ ಉಜಾವಾ ಹಿರೊಫುಮಿಯಂಥವರೂ ಇದ್ದ ತಂಡದ ಮಧ್ಯಸ್ಥಿಕೆಯಲ್ಲಿ 1991ರ ನವೆಂಬರ್‌ನಿಂದ 15 ಬಹಿರಂಗ ಸಭೆ, ಆಮೇಲೆ 1994ರ ಅಕ್ಟೋಬರ್‌ವರೆಗೆ 12 ದುಂಡುಮೇಜಿನ ಸಭೆ ನಡೆದವು. ಸರ್ಕಾರದವರೂ ನಿಲ್ದಾಣದವರೂ ವಿರೋಧಿಗಳ ಒಂದು ಬಣದ ಎದುರು ಸಮಸಮವಾಗಿ ಕುಳಿತರು. ಬಲವಂತ ಮಾಡುವುದಿಲ್ಲ ಎಂದು ಸರ್ಕಾರ ಒಪ್ಪಿತು. 1993ರಲ್ಲಿ ಭೂಸ್ವಾಧೀನದ ಅರ್ಜಿಗಳನ್ನು ವಾಪಸು ತೆಗೆದುಕೊಂಡರು. 1995ರಲ್ಲಿ ಪ್ರಧಾನಿ ಮುರಾಯಾಮಾ ತೊಮಿಇಚಿ ರೈತರ ಕ್ಷಮೆ ಕೇಳಿದರು. ಮೊದಲ ದಿನ ಮಾಡಬೇಕಿದ್ದ ಕೆಲಸ, ಅಂದರೆ ರೈತನ ಮುಂದೆ ಕುಳಿತು ಮಾತಾಡುವುದು, ಇಪ್ಪತ್ತೈದು ವರ್ಷ ಮತ್ತು ಅಷ್ಟು ಜೀವ ಹೋದ ಮೇಲೆ ಆಯಿತು. "ಪ್ರಧಾನಿನೇ ತಪ್ಪಾಯ್ತು ಅಂದವ್ನಾ? ನಿಜ್ವಾಗ್ಲೂ?" ಎಂದು ಅಪ್ಪ ನನ್ನನ್ನು ಕೇಳಿ, ನಂಬಿಕೆ ಬರದೆ, ಅಲ್ಲಿದ್ದ ಹಿರಿಯ ಸಿಬ್ಬಂದಿಯೊಬ್ಬರನ್ನು ನನ್ನ ಮೂಲಕ ಕೇಳಿಸಿದರು. ಅವರು ಹೌದೆಂದು ತಲೆಬಾಗಿಸಿದರು. ಅಪ್ಪ ಕೈ ಮುಗಿದರು. ಆ ಹಿರಿಯರು ನಮ್ಮ ಜೊತೆ ತುಂಬ ಹೊತ್ತು ನಿಂತು, ಅಪ್ಪನ ಊರಿನ ಬೆಳೆ ಯಾವುದು, ಮಳೆ ಎಷ್ಟು ಎಂದೆಲ್ಲ ವಿಚಾರಿಸಿಕೊಂಡರು. ಇಂಥ ಸಿಬ್ಬಂದಿ ಸಿಕ್ಕಿದ್ದು ನಮ್ಮ ಪುಣ್ಯ.

ಇದೇ ಜಾಗದಲ್ಲಿ ಅಪ್ಪ ದೇವನಹಳ್ಳಿ ಮಾತು ತೆಗೆದರು. ಅವರು ಮರುದಿನ ಇಳಿಯಬೇಕಿದ್ದ ಕೆಂಪೇಗೌಡ ನಿಲ್ದಾಣದ ಹತ್ತಿರವೇ, ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳಲ್ಲಿ, 1,777 ಎಕರೆ ಜಮೀನು ಬೇಡವೆಂದು ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತಿದ್ದರು. 2025ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಅಲ್ಲಿ ಕೊಡಲೊಲ್ಲೆ ಎಂದವರ ಮಾತು ಕೊನೆಗಾದರೂ ಕೇಳಿಸಿತು, ಇಲ್ಲಿ ಕೇಳಿಸುವಷ್ಟರಲ್ಲಿ ಹೊಲವೇ ರನ್‌ವೇ ಆಗಿತ್ತು, ಎಂಬುದು ಅವರ ತೀರ್ಪು.

ಇನ್ನು ನನಗೆ ಸಾಲದು ಎನಿಸಿದ್ದು. ಒಳಗೆ ಸುತ್ತಿ ಹೊರಬಂದಾಗ, ಜಗಳ ಆಯಿತು, ಮಾತುಕತೆ ಆಯಿತು, ಈಗ ಎಲ್ಲರೂ ಹೊಂದಿಕೊಂಡು ಬಾಳುತ್ತಿದ್ದಾರೆ ಎಂಬ ಭಾವನೆ ಮನಸ್ಸಿನಲ್ಲಿ ಉಳಿಯುತ್ತದೆ. ಅದು ಪೂರ್ತಿ ನಿಜವಲ್ಲ. ದುಂಡುಮೇಜಿಗೆ ಬಾರದ ಬಣ ಇವತ್ತಿಗೂ ಇದೆ. ಎರಡನೇ ರನ್‌ವೇ 2002ರ ಏಪ್ರಿಲ್‌ನಲ್ಲಿ ಶುರುವಾದಾಗ ಅದರ ಉದ್ದ 2,180 ಮೀಟರ್ ಮಾತ್ರ. 2,500 ಆಗಬೇಕಿತ್ತು, ತೊಹೊ ಹಳ್ಳಿಯ ಕೆಲವು ಮನೆಯವರು ಜಮೀನು ಕೊಡಲಿಲ್ಲ. ಕೊನೆಗೆ ಅವರಿರುವ ದಕ್ಷಿಣ ಬಿಟ್ಟು ಉತ್ತರಕ್ಕೆ ಬೆಳೆಸಿ 2009ರಲ್ಲಿ 2,500 ಮುಟ್ಟಿಸಿದರು. 2023ರ ಫೆಬ್ರವರಿಯಲ್ಲಿ, ಕೋರ್ಟ್ ಆದೇಶದ ಮೇಲೆ, ರಾತ್ರಿ ಹೊತ್ತು ಪೊಲೀಸ್ ಬಂದೋಬಸ್ತ್‌ನಲ್ಲಿ, ನಿಲ್ದಾಣದ ನಡುವೆ ತಲೆಮಾರುಗಳಿಂದ ಉಳುಮೆ ಮಾಡುತ್ತಿದ್ದ ಒಂದು ಕುಟುಂಬದ ಹೊಲದ ಭಾಗವನ್ನು ಬಲವಂತದಿಂದ ತೆರವು ಮಾಡಲಾಯಿತು. ಬಲವಂತ ಮಾಡುವುದಿಲ್ಲ ಎಂದ ಮಾತಿನ ಫೋಟೊಗಳ ಎದುರು ನಿಂತವರಿಗೆ ಈ ಸಂಗತಿಯನ್ನೂ ಅಷ್ಟೇ ದೊಡ್ಡದಾಗಿ ಹೇಳಬೇಕಿತ್ತು.

ಹಾಗಾಗಿ ಮ್ಯೂಸಿಯಂ ನೋಡಿ ಅಲ್ಲಿಗೇ ನಿಲ್ಲಿಸಬೇಡಿ. ನಮ್ಮನ್ನು ವಾಪಸು ಕರೆದೊಯ್ಯಲು ಗೆಳತಿ ಕಾರು ತಂದಿದ್ದಳು, ತೊಹೊ ದೇವಾಲಯಕ್ಕೆ ಹೋದೆವು. ಎರಡೂ ಕಡೆ ಎತ್ತರದ ಬೇಲಿ, ನಡುವೆ ಸಪೂರ ದಾರಿ. ಕೊನೆಯಲ್ಲಿ ಮರದ ಚಿಕ್ಕ ತೊರಿ ಬಾಗಿಲು, ಅದರ ಹಿಂದೆ ಪುಟ್ಟ ಗುಡಿ. ರನ್‌ವೇಯ ದಕ್ಷಿಣ ತುದಿ ಅಲ್ಲೇ ಪಕ್ಕದಲ್ಲಿ. ವಿಮಾನ ಇಳಿಯಲು ಬಂದಾಗ ತಲೆಯ ಮೇಲೆ 40 ಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ ಎಂದು ಆ ಹಳ್ಳಿಯವರು ದೂರಿದ್ದನ್ನು ಓದಿದ್ದೆ. ಅಲ್ಲಿ ನಿಂತಾಗ ಎದೆಗೂಡೇ ನಡುಗಿತು, ಅಪ್ಪ ಎರಡೂ ಕಿವಿ ಮುಚ್ಚಿಕೊಂಡರು. ಬೇಲಿಯಾಚೆ ಯಾರೋ ಬೆಳೆದ ಮೂಲಂಗಿ ಸಾಲು ಹಸಿರಾಗಿತ್ತು. ಗೊಬ್ಬರ ಚೆನ್ನಾಗಿ ಹಾಕಿದ್ದಾರೆ ಎಂದು ಅಪ್ಪ ಮೆಚ್ಚಿದರು. ಅಲ್ಲಿ ಜನ ವಾಸ ಮಾಡುತ್ತಾರೆ, ಅದು ಅವರ ಊರು. ಹೋದವರು ಮನೆಗಳ ಫೋಟೊ ತೆಗೆಯದೆ, ಹೊಲದೊಳಗೆ ಕಾಲಿಡದೆ, ಗುಡಿಗೆ ಕೈಮುಗಿದು ಬನ್ನಿ.

ಹೊತ್ತಿದ್ದರೆ ಸನ್ರಿಜುಕದ ಸ್ಮಾರಕ ಉದ್ಯಾನಕ್ಕೂ ಹೋಗಬಹುದು. ಚಕ್ರವರ್ತಿಯ ಫಾರ್ಮ್ 1969ರಲ್ಲಿ ತೊಚಿಗಿಗೆ ಎದ್ದುಹೋಯಿತು, ಅದರ ನೆನಪಿನ ಭವನ ಅಲ್ಲಿದೆ. ನೆರಳು ಚೆನ್ನಾಗಿದೆ, ಬುತ್ತಿ ಬಿಚ್ಚಿ ಊಟ ಮಾಡಲು ಒಳ್ಳೆ ಜಾಗ. ನಾವು ಚಪಾತಿ, ಹುರುಳಿಕಾಳು ಪಲ್ಯ ತಿಂದದ್ದು ಅಲ್ಲೇ. ಮಕ್ಕಳು ಜೊತೆಗಿದ್ದರೆ ಪಕ್ಕದ ವಿಮಾನಯಾನ ಮ್ಯೂಸಿಯಂ ಅವರಿಗೆ ಖುಷಿ ಕೊಡುತ್ತದೆ, ಅದಕ್ಕೆ ಟಿಕೆಟ್ ಇದೆ. ಇತಿಹಾಸ ಭವನಕ್ಕೆ ಎರಡು ಗಂಟೆ ಬೇಕು, ಓದುತ್ತಾ ನೋಡುವವರಿಗೆ ಇನ್ನೂ ಹೆಚ್ಚು. ನರಿಟಾದಲ್ಲಿ ವಿಮಾನ ಬದಲಿಸುವವರು ನೆನಪಿಡಿ, ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ನಿಲ್ದಾಣದಿಂದ ಹೊರಬರಲು ವೀಸಾ ಬೇಕು.

ಜಪಾನ್ ಅಂದರೆ ಶಿಸ್ತು, ವಿಧೇಯತೆ, ಎಲ್ಲರೂ ಸಾಲಾಗಿ ನಿಲ್ಲುವ ದೇಶ ಎಂದು ನಮ್ಮಲ್ಲಿ ಪಾಠ ಹೇಳುತ್ತಾರೆ. ಒಲ್ಲೆ ಎಂದು ಹೇಳಿ ಅರ್ಧ ಶತಮಾನ ಆ ಮಾತಿಗೆ ನಿಂತ ಜಪಾನಿಯರನ್ನು ನೋಡಬೇಕಿದ್ದರೆ ಇಲ್ಲಿಗೆ ಬನ್ನಿ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಮನಸ್ಸು ತುಂಬಿ.

ಉಳಿದ ಒಂದು ಅಂಕ ಕೊಡಲು ಒಂದು ಕೆಲಸ ಆಗಬೇಕು. ನಿಲ್ದಾಣ ಈಗ ಮತ್ತೆ ದೊಡ್ಡದಾಗುತ್ತಿದೆ. 3,500 ಮೀಟರಿನ ಮೂರನೇ ರನ್‌ವೇ, ಎರಡನೆಯದನ್ನೂ ಅಷ್ಟೇ ಉದ್ದಕ್ಕೆ ಬೆಳೆಸುವ ಕಾಮಗಾರಿ ಶುರುವಾಗಿದೆ. ಅದಕ್ಕೆ ಇನ್ನೂ ಸುಮಾರು 1,000 ಹೆಕ್ಟೇರ್ ಬೇಕು, ಮನೆಗಳು ಏಳಬೇಕು. ಒಪ್ಪಿ ಹೊರಟವರು, ಒಪ್ಪದೆ ಕುಳಿತವರು, ಅಪ್ಪ-ಅಜ್ಜನ ಸಮಾಧಿ ಎತ್ತಿ ಬೇರೆಡೆ ಇಡಬೇಕಾದವರು, ಎಲ್ಲರೂ ಈಗ ಅಲ್ಲೇ ಇದ್ದಾರೆ. ಅವರ ಮಾತನ್ನು ಈ ಭವನದವರು ಈಗಲೇ ಧ್ವನಿಮುದ್ರಿಸಿಕೊಂಡು, ಅವರು ಊರು ಬಿಡುವ ಮೊದಲೇ, ಆ ಹೆಲ್ಮೆಟ್‌ಗಳ ಪಕ್ಕದಲ್ಲೇ ಜಾಗ ಮಾಡಿ ಕೇಳಿಸಬೇಕು.